ಶಿವಗಂಗವ್ವನಿಗೆ ಮರೆವಿರಲಿಲ್ಲ

ಶಿವಗಂಗವ್ವನವರಿಗೆ ಮರೆವಿನ ರೋಗ ಇರಲಿಲ್ಲ. ಇದೆ ಎಂದು ಅವರ ಮಗ ನಂಬಿದ, ಓಣಿಯವರು ನಂಬಿದರು, ಕೊನೆಗೆ ಅವರೇ ನಂಬಿದರು. ನಂಬಿಸಿದವಳು ನಾನು — ಬೈಲಹೊಂಗಲದ ಒಂದು ಔಷಧದ ಅಂಗಡಿಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದ ಫಾರ್ಮಸಿಸ್ಟ್. ನಾನು ಆಡಿದ ಮಾತು ಸುಳ್ಳೆಂದು ಆಡುವಾಗಲೇ ನನಗೆ ಗೊತ್ತಿತ್ತು. ಆಮೇಲೆ ತಿಂಗಳು ತಿಂಗಳೂ ಅವರ ಹೆಸರಿನ ಪೊಟ್ಟಣ ಕಟ್ಟುವಾಗಲೂ ಗೊತ್ತಿತ್ತು.

ನನಗೆ ಇವತ್ತಿಗೂ ಸಿಟ್ಟಿದೆ. ಆ ಅಂಗಡಿಯ ಮೇಲೆ, ಬೇಡ ಎಂದವರ ಮನೆಗೂ ಗುಳಿಗೆ ಅಟ್ಟುವ ಆ ಪದ್ಧತಿಯ ಮೇಲೆ, ಅದನ್ನು ಸೇವೆ ಎಂದು ಕರೆದು ಹಲ್ಲು ಕಿರಿಯುತ್ತಿದ್ದ ಮಾಲಕರ ಮೇಲೆ. ಆದರೆ ಇಷ್ಟು ವರ್ಷ ನಾನು ಆ ಸಿಟ್ಟಿನ ಮರೆಯಲ್ಲೇ ಬಚ್ಚಿಟ್ಟುಕೊಂಡಿದ್ದೆ. ಅವರು ಹಾಗೆ ಮಾಡಿದರು, ಅವರು ಹೀಗೆ ಮಾಡಿಸಿದರು ಎಂದು ಮನಸ್ಸಿನಲ್ಲೇ ಜಗಳವಾಡುತ್ತಿದ್ದರೆ ನನ್ನ ಸರದಿ ಬರುವುದೇ ಇಲ್ಲವಲ್ಲ — ಅದಕ್ಕೇ ಇಲ್ಲಿ ನನ್ನಿಂದಲೇ ಶುರುಮಾಡಿದ್ದೇನೆ.

ನನ್ನ ತವರು ಸವದತ್ತಿ. ನಮ್ಮದು ಪೂಜಾರಿಕೆಯ ಮನೆತನ. ಆ ಮನೆಯಿಂದ ಔಷಧ ಕೊಡುವ ಕೆಲಸಕ್ಕೆ ಬಂದವಳು ನಾನೇ ಮೊದಲು. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ಆ ಅಂಗಡಿಗೆ ಸೇರಿದೆ. ಕೆಲವು ದಿನಗಳಲ್ಲೇ ಮಾಲಕರು ಹೊಸದೊಂದು ಏರ್ಪಾಟು ತಂದರು. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎಂದು ಪ್ರತಿ ತಿಂಗಳೂ ಗುಳಿಗೆ ತೆಗೆದುಕೊಳ್ಳುವವರು ಒಮ್ಮೆ ಹೆಸರು ಕೊಟ್ಟರೆ ಸಾಕು. ತಿಂಗಳು ತುಂಬುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಆರ್ಡರ್ ತಾನಾಗಿ ಏಳುತ್ತಿತ್ತು, ಪೊಟ್ಟಣ ಮನೆಗೆ ಹೋಗುತ್ತಿತ್ತು, ಹಣ ಮನೆಯವರ ಖಾತೆಯಿಂದ ತಾನಾಗಿ ಬರುತ್ತಿತ್ತು. ಗುಳಿಗೆಗಾಗಿ ಬಸ್ಸು ಹತ್ತಿ ಬರಬೇಕಾದ ಹಳ್ಳಿಯ ಹಿರಿಯರಿಗೆ ಅದು ಅನುಕೂಲವೇ ಆಗಿತ್ತು. ಶುರುಮಾಡುವುದು ಅಷ್ಟು ಸುಲಭ. ನಿಲ್ಲಿಸುವುದು ಮಾತ್ರ ಯಾವ ಗಿರಾಕಿಯ ಕೈಯಲ್ಲೂ ಆಗುತ್ತಿರಲಿಲ್ಲ. ಡಾಕ್ಟರು ಗುಳಿಗೆ ಬದಲಿಸಿದರೂ ಹಳೆಯದೇ ಹೋಗುತ್ತಿತ್ತು. ತಿರುಗಿ ತಂದರೆ ವಾಪಸು ತೆಗೆದುಕೊಳ್ಳುತ್ತಿರಲಿಲ್ಲ.

"ಬಂದ್ ಮಾಡ್ರಿ ಅಂತ ಫೋನ್ ಬಂದ್ರ ಹೂಂ ಅನ್ರಿ," ಎಂದಿದ್ದರು ಮಾಲಕರು. "ಅಷ್ಟ ಸಾಕು. ಬಂದ್ ಮಾಡೂದಕ್ಕ ಅವಸರೇನಿಲ್ಲ."

ಶಿವಗಂಗವ್ವ ಮತ್ತು ಅವರ ಗಂಡ ಚನ್ನಬಸಪ್ಪ ಊರಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಚನ್ನಬಸಪ್ಪನವರಿಗೆ ಹೃದಯದ ತೊಂದರೆ ಶುರುವಾದ ಮೇಲೆ ಬೆಲ್ಟು ಬಿಗಿಯುವುದರಿಂದ ಹಿಡಿದು ಹಿಟ್ಟು ತೂಗುವವರೆಗೆ ಎಲ್ಲವೂ ಶಿವಗಂಗವ್ವ ಒಬ್ಬರದೇ ಕೆಲಸ. ಮಗ ಮಹಾಂತೇಶ ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರದಲ್ಲಿದ್ದ. ತಂದೆಯ ಗುಳಿಗೆಗೆ ನಮ್ಮಲ್ಲಿ ಹೆಸರು ಕೊಟ್ಟವನು ಅವನೇ; ಹಣ ಹೋಗುತ್ತಿದ್ದದ್ದು ಗಿರಣಿಯ ಖಾತೆಯಿಂದ.

ಚನ್ನಬಸಪ್ಪ ತೀರಿಕೊಂಡರು. ಮನೆಯಲ್ಲಿ ಬಂಧು ಬಳಗ ಇನ್ನೂ ತುಂಬಿರುವಾಗಲೇ ನಮ್ಮ ಪೊಟ್ಟಣ ಹೋಯಿತು. ಅದರ ಮೇಲೆ ಅವರ ಹೆಸರು, ಕೆಳಗೆ 'ನಿಮ್ಮ ಆರೋಗ್ಯವೇ ನಮ್ಮ ಸಂತೋಷ' ಎಂಬ ಸಾಲು. ಆ ಪೊಟ್ಟಣ ಕಟ್ಟಿದವಳು ನಾನು. ಆ ತಿಂಗಳು ನನಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಮುಂದಿನ ತಿಂಗಳು ಗೊತ್ತಿತ್ತು. ಏಕೆಂದರೆ ಶಿವಗಂಗವ್ವ ಫೋನ್ ಮಾಡಿದ್ದರು.

"ತಂಗಿ, ನಮ್ಮನಿಯವರು ಹೋಗಿಬಿಟ್ಟಾರವಾ. ಇನ್ನ ಗುಳಿಗಿ ಕಳಸಬ್ಯಾಡ್ರಿ."

"ಆಗ್ಲಿರಿ ಅವ್ವಾರ, ಬಂದ್ ಮಾಡತೇನ್ರಿ," ಎಂದೆ.

ಮಾಡಲಿಲ್ಲ. ಒಂದು ಗುಂಡಿ ಒತ್ತಿದ್ದರೆ ಆಗುತ್ತಿತ್ತು. ಮಾಲಕರು ದಿನಾ ಸಂಜೆ ತಿಂಗಳ ಗಿರಾಕಿಗಳು ಹೆಚ್ಚಿದರೋ ಕಡಿಮೆಯಾದರೋ ಎಂದು ನೋಡುತ್ತಿದ್ದರು. ಕಿತ್ತೂರಿನಲ್ಲಿ ಹೊಸ ಶಾಖೆ ತೆರೆಯುವುದಿತ್ತು, ಅದರ ಉಸ್ತುವಾರಿ ನನಗೇ ಎಂದು ಅವರು ಹೇಳಿದ್ದರು. ನನಗೆ ಅದು ಬೇಕಿತ್ತು — ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಮತ್ತೆ ಪೊಟ್ಟಣ ಹೋಯಿತು, ಮತ್ತೆ ಫೋನ್ ಬಂತು, ಮತ್ತೆ ನಾನು ಹೂಂ ಎಂದೆ. ಅದರ ಮುಂದಿನ ಸಲ ಅವರ ಧ್ವನಿ ಏರಿತ್ತು.

"ಸತ್ತ ಮನಷ್ಯಾಗ ಗುಳಿಗಿ ಕಳಸೂದು ಇದ್ಯಾವ ಪದ್ಧತಿ ತಂಗಿ? ಪೊಟ್ಟಣ ತರಾಂವ ಗಿರಣಿ ಮುಂದ ನಿಂತು ಅವರ ಹೆಸರು ಹಿಡದು ಕೂಗ್ತಾನ. ಹಿಟ್ಟಿಗೆ ಬಂದ ಮಂದಿ ನನ್ನ ಮಾರಿ ನೋಡ್ತಾರ. ನಾ ಏನ್ ಮಾಡ್ಲಿ ಹೇಳು."

ಆ ಪೊಟ್ಟಣಗಳನ್ನು ಅವರಿಗೆ ಎಸೆಯಲೂ ಆಗಲಿಲ್ಲ, ಒಡೆಯಲೂ ಆಗಲಿಲ್ಲ. ಗಂಡನ ಅಂಗಿಗಳಿದ್ದ ಟ್ರಂಕಿನಲ್ಲಿ ಹಾಕಿಟ್ಟರು. ಒಂದು ದಿನ ಮಹಾಂತೇಶ ಏನೋ ಹುಡುಕುತ್ತ ಆ ಟ್ರಂಕು ತೆಗೆದ. ಮೊಹರು ಒಡೆಯದ ಪೊಟ್ಟಣಗಳ ರಾಶಿ ಕಂಡು ತಾಯಿಯನ್ನು ಕೇಳಿದ. ಬಂದ್ ಮಾಡಿ ಎಂದು ಹೇಳಿ ಹೇಳಿ ಸಾಕಾಯಿತು ಎಂದರು ಅವರು. ಅವನು ಸಿಟ್ಟಿನಿಂದ ತಾಯಿಯನ್ನು ಕರೆದುಕೊಂಡು ನೇರ ನಮ್ಮ ಅಂಗಡಿಗೆ ಬಂದ.

ಸಂತೆಯ ದಿನ, ಅಂಗಡಿ ತುಂಬ ಜನ. ಮಾಲಕರು ಎದ್ದು ನಿಂತು ಕೈಮುಗಿದರು. ದುಃಖದ ಮುಖ ಮಾಡಿದರು. ಆಮೇಲೆ ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು: "ಅಣ್ಣಾರ, ನಾವು ಬಂದ್ ಮಾಡಾವ್ರ ಇದ್ವಿ. ನಿಮ್ಮ ಅವ್ವಾರ ಫೋನ್ ಮಾಡಿ, ಇರ್ಲಿ ಚಾಲೂ ಇಡ್ರಿ ಅಂದ್ರು. ಬೇಕಾದ್ರ ನಮ್ಮ ಮೇಡಂ ಅವರ್ನ ಕೇಳ್ರಿ, ಫೋನ್ ತಗೊಂಡಾಕಿ ಅಕಿನ."

ಎಲ್ಲರೂ ನನ್ನ ಕಡೆ ತಿರುಗಿದರು. ಶಿವಗಂಗವ್ವನ ಮುಖದಲ್ಲಿ ನೆಮ್ಮದಿ ಕಂಡಿತು — ಅದೇ ನನ್ನನ್ನು ಇಂದಿಗೂ ಸುಡುವುದು. ಈ ಹುಡುಗಿ ನಿಜ ಹೇಳುತ್ತಾಳೆ ಎಂದು ಅವರು ನಂಬಿದ್ದರು.

"ಹೌದ್ರಿ," ಎಂದೆ. "ಅವ್ವಾರ ಚಾಲೂ ಇಡ್ರಿ ಅಂದಿದ್ರು."

"ಇಲ್ಲವಾ ತಂಗಿ," ಎಂದರು ಅವರು. "ನಾ ಹಂಗ ಅಂದಿಲ್ಲ."

"ಅಂದಿದ್ರಿ, ಅವ್ವಾರ. ನಿಮಗ ನೆನಪಿಲ್ಲ."

ಆ ಎರಡನೆಯ ಮಾತು ಯಾರೂ ನನ್ನಿಂದ ಹೇಳಿಸಿದ್ದಲ್ಲ. ಮಾಲಕರು ಅಷ್ಟು ಕೇಳಿರಲಿಲ್ಲ. ಅದು ನನ್ನದೇ.

ಶಿವಗಂಗವ್ವ ಕೂಗಾಡಿದರು. ಸೆರಗು ಜಾರಿದ್ದೂ ತಿಳಿಯದೆ ಮೇಜು ಗುದ್ದಿದರು. ಸಾಲಿನಲ್ಲಿ ನಿಂತವರು ಅಯ್ಯೋ ಪಾಪ ಎಂದರು. ಮಹಾಂತೇಶ ತಲೆ ತಗ್ಗಿಸಿ, ನಮ್ಮ ಮಾಲಕರ ಹತ್ತಿರವೇ ಕ್ಷಮೆ ಕೇಳಿ, ತಾಯಿಯ ರಟ್ಟೆ ಹಿಡಿದು ಕರೆದುಕೊಂಡು ಹೋದ. ಕ್ಷಮೆ ಕೇಳಿದವನು ಅವನು! ಮಾಲಕರು ಪರವಾಗಿಲ್ಲ ಎಂಬಂತೆ ಕೈ ಆಡಿಸಿದರು.

ಗಂಡ ಸತ್ತ ಹೆಂಗಸು ಸರಿಯಾಗಿ ನಿದ್ದೆ ಮಾಡುವುದಿಲ್ಲ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತಾಳೆ, ಎಲ್ಲೋ ಇಟ್ಟ ಕೀಲಿಕೈ ಇನ್ನೆಲ್ಲೋ ಹುಡುಕುತ್ತಾಳೆ. ಅದು ಸಹಜ. ಆದರೆ ಆ ದಿನದ ನಂತರ ಮಗನಿಗೆ ಅದೆಲ್ಲ ರೋಗದ ಲಕ್ಷಣವಾಗಿ ಕಂಡಿತು. ಧಾರವಾಡದ ದವಾಖಾನೆಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರ ಮುಂದೆ ಅಂಗಡಿಯಲ್ಲಿ ನಡೆದದ್ದನ್ನೇ ಹೇಳಿದ. ಅವರು ಮರೆವಿಗೆ ಗುಳಿಗೆ ಬರೆದರು. ಆ ಚೀಟಿ ಹಿಡಿದು ಅವನು ಬಂದದ್ದು — ನಮ್ಮಲ್ಲಿಗೇ.

"ತಿಂಗಳಾ ತಾನ ಬರೂವಂಗ ಮಾಡ್ರಿ ಮೇಡಂ. ಅವ್ವ ಮರೀತಾಳ," ಎಂದ.

ಆಗಲಾದರೂ ಹೇಳಬಹುದಿತ್ತು. "ಅಣ್ಣಾರ, ಒಂದ್ ಮಾತು —" ಎಂದು ಬಾಯಿ ತೆರೆದೆ ಕೂಡ. ಮಾಲಕರು ಒಳಗಿನಿಂದ ನೋಡುತ್ತಿದ್ದರು. ನಾನು ಚೀಟಿ ತೆಗೆದುಕೊಂಡೆ. ಮರೆವಿಲ್ಲದ ಹೆಂಗಸಿಗೆ ಮರೆವಿನ ಗುಳಿಗೆ, ತಿಂಗಳಾ, ತಾನಾಗಿ. ಅದನ್ನು ಎಣಿಸಿ ಪೊಟ್ಟಣಕ್ಕೆ ಹಾಕಿದ್ದು ನನ್ನ ಕೈ. ಅದರಿಂದ ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ, ತಲೆ ತಿರುಗುತ್ತದೆ ಎಂದು ಓದಿ ಪಾಸಾದವಳು ನಾನು.

ಗಿರಣಿಯನ್ನು ಮಹಾಂತೇಶ ತನ್ನ ಕೈಗೆ ತೆಗೆದುಕೊಂಡ. ಯಂತ್ರದ ಹತ್ತಿರ ಹೋಗಬೇಡ ಎಂದು ತಾಯಿಗೆ ಹೇಳಿದ. ಹೆದರಿಕೆಯಿಂದ ಹೇಳಿದ್ದು, ದುರಾಸೆಯಿಂದಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹಾಗೇ ಕೆಲವು ದಿನ ಕಳೆದ ಮೇಲೆ ಶಿವಗಂಗವ್ವ ಒಬ್ಬರೇ ಅಂಗಡಿಗೆ ಬಂದರು. ಸೊರಗಿದ್ದರು. ಮಾಲಕರು ಇರಲಿಲ್ಲ. ಮೇಜಿನ ಮೇಲೆ ಬಗ್ಗಿ, ಯಾರಿಗೂ ಕೇಳದ ಹಾಗೆ ಕೇಳಿದರು:

"ತಂಗಿ, ಬಯ್ಯಾಕ ಬಂದಿಲ್ಲ. ಖರೆ ಹೇಳು. ನಾ ಖರೇನ ಹಂಗ ಫೋನ್ ಮಾಡಿದ್ನೇನು?"

ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

"ಮಾಡಿದ್ರಿ," ಎಂದೆ.

ಅವರು ತಲೆಯಾಡಿಸಿದರು. "ಹಂಗಾರ ನನಗ ಮರವಿನ ಜಡ್ಡ ಆಗೇತಿ ಬಿಡು," ಎಂದು ಹೋದರು.

ಅದಾಗಿ ಸ್ವಲ್ಪ ದಿನಕ್ಕೆ ಅವರನ್ನು ರಾಮದುರ್ಗದಲ್ಲಿದ್ದ ಮಗಳ ಮನೆಗೆ ಕಳಿಸಿದರೆಂದು ತಿಳಿಯಿತು, ಪೊಟ್ಟಣದ ಮೇಲಿನ ವಿಳಾಸ ಬದಲಾದದ್ದರಿಂದ. ಒಂದು ದಿನ ಆ ಮಗಳು ಫೋನ್ ಮಾಡಿದಳು. ಅವ್ವನಿಗೆ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಇಲ್ಲಿಯ ಡಾಕ್ಟರು ಗುಳಿಗೆ ಬೇಡ ಎಂದಿದ್ದಾರೆ, ಕಳಿಸಬೇಡಿ ಎಂದಳು. ಆ ದಿನ ನಾನು ನಿಜವಾಗಿ ಬಂದ್ ಮಾಡಿದೆ. ಮಾರನೆಯ ದಿನ ಮಾಲಕರು ಮತ್ತೆ ಚಾಲೂ ಮಾಡಿದರು. ಕೇಳಿದ್ದಕ್ಕೆ, "ನಿಮ್ಮ ಅಪ್ಪನ ಮನಿ ಅಂಗಡಿ ಏನ್ರಿ ಇದು?" ಎಂದರು. ನಾನು ಕೋಟು ಕಳಚಿಟ್ಟು ಹೊರಬಿದ್ದೆ. ರಾಮದುರ್ಗಕ್ಕೆ ಫೋನ್ ಮಾಡಿ, ಪೊಟ್ಟಣ ಬಂದರೂ ಕೊಡಬೇಡಿ ಎಂದಷ್ಟೇ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಕೆಲಸ ಬಿಟ್ಟೆನಲ್ಲ, ಅಷ್ಟು ಸಾಕು ಎಂದುಕೊಂಡೆ. ಅದನ್ನೇ ಒಂದು ದೊಡ್ಡ ತ್ಯಾಗವೆಂಬಂತೆ ವರ್ಷಗಟ್ಟಲೆ ಎದೆಗವುಚಿಕೊಂಡಿದ್ದೆ.

ಆಮೇಲೆ ಕಿತ್ತೂರಿನಲ್ಲಿ ಬೇರೆಯವರ ಸಣ್ಣ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಹೋದ ವರ್ಷ ಅಲ್ಲಿಗೆ ಮಹಾಂತೇಶ ಬಂದ, ಯಾವುದೋ ಕೆಲಸಕ್ಕೆ ಆ ಕಡೆ ಬಂದವನು, ತಲೆನೋವಿನ ಗುಳಿಗೆ ಕೇಳಿಕೊಂಡು. ನನ್ನ ಗುರುತು ಹಿಡಿದ. ಕೈಮುಗಿದ.

"ಮೇಡಂ, ಅವತ್ತ ನೀವು ಇದ್ದದ್ದ ಇದ್ದಂಗ ಹೇಳಿದ್ದಕ್ಕ ಅವ್ವನ ಜಡ್ಡು ನಮಗ ಲಗೂನ ತಿಳೀತು. ನಿಮ್ಮ ಉಪಕಾರ ಮರಿಯೂದಿಲ್ಲ."

ಇನ್ನು ತಾಳುವುದು ನನ್ನಿಂದ ಆಗಲಿಲ್ಲ. ಆದರೂ ಅವನಿಗೆ ಹೇಳುವ ಮೊದಲು ಅವನ ತಾಯಿಗೆ ಹೇಳಬೇಕು ಅನ್ನಿಸಿತು. ಮುಂದಿನ ರವಿವಾರ ರಾಮದುರ್ಗಕ್ಕೆ ಹೋದೆ. ಶಿವಗಂಗವ್ವ ಕಟ್ಟೆಯ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳುವ ಮೊದಲೇ, "ಔಷಧದ ಅಂಗಡಿಯಾಕಿ," ಎಂದರು. ಎಲ್ಲ ಹೇಳಿದೆ. ಅವರ ಫೋನುಗಳು, ನನ್ನ ಹೂಂಗಳು, ಮಾಲಕರ ಮಾತು, ನನ್ನ ಮಾತು. ಅಳಬಾರದು ಎಂದುಕೊಂಡಿದ್ದೆ, ಅಳಲಿಲ್ಲ.

ಅವರ ಕೈ ನಿಂತಿತು.

"ನಾ ಕೇಳಾಕ ಬಂದಿದ್ನಿ ನಿನ್ನ," ಎಂದರು. "ನೀ ಒಬ್ಬಾಕಿನ ಇದ್ದಿ."

"ಹೌದ್ರಿ."

"ಆವಾಗ ಸೈತ ಸುಳ್ಳ ಹೇಳಿದಿ."

"ಹೌದ್ರಿ, ಆವಾಗ ಸೈತ."

ಸೊಪ್ಪನ್ನು ಪಕ್ಕಕ್ಕೆ ಸರಿಸಿ ಎದ್ದರು. "ನಡಿ ಬೈಲಹೊಂಗಲಕ್ಕ. ನನ್ನ ಮಗನ ಮುಂದ ಹೇಳು. ಮನ್ಯಾಗಲ್ಲ, ಗಿರಣ್ಯಾಗ. ಮಂದಿ ಇರಬೇಕು."

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಸವದತ್ತಿ ದಾಟಿ ಬೈಲಹೊಂಗಲದಲ್ಲಿ ಇಳಿದವರೇ ಮುಂದೆ ನಡೆದರು, ನಾನು ಹಿಂದೆ. ಗಿರಣಿಯಲ್ಲಿ ಜೋಳ, ಗೋಧಿ ಬೀಸಿಸಲು ಬಂದ ಹೆಂಗಸರಿದ್ದರು. ಶಿವಗಂಗವ್ವ ಮಗನಿಗೆ ಯಂತ್ರ ನಿಲ್ಲಿಸು ಎಂದರು. ಅವನು ನಿಲ್ಲಿಸಿದ. ನಾನು ಅಷ್ಟೂ ಜನರ ಮುಂದೆ ಹೇಳಿದೆ. ನಿಮ್ಮ ತಾಯಿಗೆ ಮರೆವಿರಲಿಲ್ಲ, ಸುಳ್ಳು ಹೇಳಿದವಳು ನಾನು ಎಂದೆ.

ಮಹಾಂತೇಶ ನನ್ನನ್ನು ನೋಡಲಿಲ್ಲ. ತಾಯಿಯನ್ನು ನೋಡಿದ. "ಅವ್ವಾ, ನೀ ಯಾಕ ನನ್ನ ಜೋಡಿ ಜಗಳಾಡಲಿಲ್ಲ?"

"ಜಗಳಾಡಿದ್ನಲ್ಲೋ," ಎಂದರು ಶಿವಗಂಗವ್ವ. "ಜಗಳಾಡಿದ್ದಕ್ಕ ನೀ ದವಾಖಾನಿಗೆ ಕರಕೊಂಡ್ ಹೋದಿ."

ಅವನು ಹಿಟ್ಟು ಮೆತ್ತಿದ ಕೈಯಿಂದಲೇ ಮುಖ ಮುಚ್ಚಿಕೊಂಡ. ಆಮೇಲೆ ಶಿವಗಂಗವ್ವ ನನ್ನನ್ನು ರಸ್ತೆಯವರೆಗೆ ಬಂದು ಬಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನನಗ ಜಡ್ಡ ಇರಲಿಲ್ಲ ಅಂತ ಇವತ್ತ ಗೊತ್ತಾತು," ಎಂದರು. "ಆದ್ರ ಈಗೂ ಒಲಿ ಆರಿಸಿ ಹೊರಗ ಬಂದು, ಆರಿಸಿದ್ನೋ ಇಲ್ಲೋ ಅಂತ ಮತ್ತ ಒಳಗ ಹೋಗಿ ನೋಡತೇನಿ. ಒಂದ್ಸಲಾ ಅಲ್ಲ. ಅದನ್ನ ಹ್ಯಾಂಗ ಬಂದ್ ಮಾಡ್ತಿ, ಹೇಳು."

ಅವರು ಕ್ಷಮಿಸಲಿಲ್ಲ, ನಾನೂ ಕೇಳಲಿಲ್ಲ.

ಅವರು ಈಗ ಮತ್ತೆ ಗಿರಣಿಯಲ್ಲಿದ್ದಾರಂತೆ. ನಾನು ಆ ಕಡೆ ಹೋಗುವುದಿಲ್ಲ. ಮಹಾಂತೇಶ ಮತ್ತು ನಾನು ಸೇರಿ ಔಷಧ ನಿಯಂತ್ರಣದವರಿಗೆ ದೂರು ಕೊಟ್ಟಿದ್ದೇವೆ. ಹಳೆಯ ಮಾಲಕರು ಅದೆಲ್ಲ ಕಂಪ್ಯೂಟರಿನ ತಪ್ಪು, ಮನುಷ್ಯರ ಕೈವಾಡ ಏನೂ ಇಲ್ಲ ಎಂದು ಉತ್ತರ ಬರೆದಿದ್ದಾರೆ. ಓದಿ ಮೈ ಉರಿಯಿತು. ಕಂಪ್ಯೂಟರು ಮೇಜಿನ ಹಿಂದೆ ನಿಂತು ಆ ತಾಯಿಯ ಮುಖ ನೋಡಿ ಮಾತಾಡಲಿಲ್ಲ. ವಿಚಾರಣೆಗೆ ಕರೆ ಬಂದಿದೆ. ನನ್ನ ಲೈಸೆನ್ಸ್ ಹೋಗಬಹುದು ಎಂದು ತಿಳಿದವರು ಹೇಳುತ್ತಾರೆ, ನಿಮ್ಮ ಹೆಸರನ್ನು ಆದಷ್ಟು ಕಡಿಮೆ ಎತ್ತಿ ಎನ್ನುತ್ತಾರೆ. ನಾನು ಹೋಗುತ್ತೇನೆ. ತಪ್ಪು ಯಾರದು ಎಂದು ಕೇಳಿದಾಗ ಮಾಲಕರ ಹೆಸರು ಹೇಳುತ್ತೇನೆ, ಬಿಡುವುದಿಲ್ಲ. ಆದರೆ ಮೊದಲು ನನ್ನದು.