ಗದ್ದೆಯಲ್ಲಿ ಕೂತ ಬೊಟ್ಟ

ಸೆರಗಿನ ತುದಿಯನ್ನು ಬಲಗೈಗೆ ಸುತ್ತಿಕೊಂಡು, ಅದರೊಳಗಿಂದ ಒಂದಂಗುಲ ಸೀಮೆಸುಣ್ಣವನ್ನಷ್ಟೇ ಹೊರಗೆ ಬಿಟ್ಟು ನಮ್ಮ ಶಾಲೆಯ ಅಕ್ಕೋರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಎಡಗೈ ಸದಾ ಸೆರಗಿನೊಳಗೆ. ಮೊಣಕೈಯಿಂದ ಬೆರಳ ತುದಿಯವರೆಗೆ ಅವರ ಎರಡೂ ಕೈಗಳಲ್ಲಿ ಹಾಲು ಚೆಲ್ಲಿದಂಥ ಬಿಳಿ ಕಲೆಗಳಿದ್ದವು. ತೊನ್ನು ಅಂಟುವ ರೋಗವಲ್ಲವೆಂದು ನಮ್ಮೂರು ಹಟ್ಟಿಕೇರಿಯಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರೂ ದೂರವೇ ನಿಲ್ಲುತ್ತಿದ್ದರು. ಗದ್ದೆ ಕೂಲಿಗೆ ಹೋಗುತ್ತಿದ್ದ ನನ್ನ ಅವ್ವಿ ಕೂಡ, "ಅವ್ರ ಕೈಯಿಂದ ಎಂತದೂ ತಕಂಡು ತಿನ್ಬೇಡ" ಎಂದು ಹೇಳಿಯೇ ಶಾಲೆಗೆ ಕಳಿಸುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ.

ಅಕ್ಕೋರು ನಗುವುದು ಅಪರೂಪ, ನಗಿಸುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಶನಿವಾರ ಬೆಳಗಿನ ಶಾಲೆ. ಕೊನೆಯ ಅವಧಿಯಲ್ಲಿ ಕಂದು ಬೈಂಡಿನ ಬರೆಯುವ ಪಟ್ಟಿಯೊಂದನ್ನು ತೆಗೆದು, ತಾವೇ ಬರೆಯುತ್ತಿದ್ದ ಮಕ್ಕಳ ಕಥೆಯನ್ನು ವಾರಕ್ಕೊಂದು ಅಧ್ಯಾಯದಂತೆ ಓದುತ್ತಿದ್ದರು. ಕಥೆಯ ನಾಯಕ ಬೊಟ್ಟ ಎಂಬ ಬೆಕ್ಕು. ಕರಿ ಮೈ ತುಂಬ ಬಿಳಿ ಬೊಟ್ಟು, ಅವನಿಗೆ ಅದೇ ನಾಚಿಕೆ. ಇದ್ದಿಲ ಚೀಲದಲ್ಲಿ ಹೊರಳಿ ಬಂದರೆ, ಬರೀ ಎರಡು ಕಣ್ಣು ಕಂಡ ನಾಯಿ ಹೆದರಿ ಮರ ಹತ್ತುತ್ತದೆ. ಮುರುಗಲ ಹಣ್ಣಿನ ರಸದಲ್ಲಿ ಮುಳುಗಿ ಕೆಂಪಗಾದರೆ, ಕಣ್ಣು ಮಂಜಾದ ಅಜ್ಜಿ ಹುಳಿಯೆಂದು ಅವನನ್ನೇ ಸಾರಿಗೆ ಹಾಕಲು ಎತ್ತಿಕೊಳ್ಳುತ್ತಾಳೆ. ಮೀನು ಮಾರುವವಳ ಹತ್ತಿರ ಕಲೆಗೆ ಮದ್ದು ಕೇಳಿ ಬಂಗಡೆಯ ಬಾಲದಿಂದ ಹೊಡೆಸಿಕೊಳ್ಳುತ್ತಾನೆ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

"ನಗಾಡಿದ್ದು ಸಾಕು. ಈಗ ಬೊಟ್ಟನ ಮನ್ಸಲ್ಲಿ ಎಂತದೆ ಹೇಳಿ" ಎಂದು ಅವರು ಪ್ರತಿ ಸಲವೂ ಕೇಳುತ್ತಿದ್ದರು. ನಾವು ಇನ್ನೊಮ್ಮೆ ನಗುತ್ತಿದ್ದೆವು.

ಆರನೆಯ ಅಧ್ಯಾಯದಲ್ಲಿ ಬೊಟ್ಟ ಮನೆ ಬಿಟ್ಟು ಹೋಗಿ ಗದ್ದೆಯ ನಡುವೆ ಒಬ್ಬನೇ ಕೂತುಬಿಟ್ಟ. ಅಲ್ಲಿಗೆ ಪಟ್ಟಿ ಮುಚ್ಚಿದರು. ಆ ವಾರವೆಲ್ಲ ನನಗೆ ಅದೇ ಸಂಕಟ. ಆಗಸ್ಟ್ ಹದಿನೈದು ಹತ್ತಿರವಾಗಿತ್ತು. ಗೋಡೆ ಬಳಿಯಲು ಶಾಲೆಯ ಹಿಂದೆ ಬಾಲ್ದಿಯಲ್ಲಿ ಚಿಪ್ಪಿ ಸುಣ್ಣ ನೆನೆಹಾಕಿದ್ದರು. ಶನಿವಾರ ಬೆಳಿಗ್ಗೆ ಅದನ್ನು ನೋಡಿದವಳೇ ನಾನು, ಬೊಟ್ಟ ಒಬ್ಬನೇ ಆಗಬಾರದು, ನಾವೆಲ್ಲ ಬೊಟ್ಟರಾಗೋಣ ಎಂದೆ. ಇಡೀ ತರಗತಿ ಕೈಗಳ ಮೇಲೆ ಸುಣ್ಣದ ಬೊಟ್ಟಿಟ್ಟುಕೊಂಡಿತು.

ಅಕ್ಕೋರು ಒಳಗೆ ಬಂದಾಗ ಎಲ್ಲರೂ ಕೈ ಮುಂದೆ ಚಾಚಿ ನಿಂತೆವು. "ನಾವೂ ಬೊಟ್ಟ ಆಗಿದ್ದೇವೆ ಅಕ್ಕೋರೇ" ಎಂದು ನಾನೇ ಹೇಳಿದೆ.

ದೇವರಾಣೆ, ಅವರ ಕೈ ನಮಗೆ ನೆನಪೇ ಇರಲಿಲ್ಲ. ಅವರ ಮುಖ ನೋಡಿದ ಮೇಲೆ ನೆನಪಾಯಿತು. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಬಲಗೈಯನ್ನೂ ಸೆರಗಿನೊಳಗೆ ಎಳೆದುಕೊಂಡರು. ಅಷ್ಟರಲ್ಲಿ ಸುಣ್ಣ ಸುಟ್ಟು ನನ್ನ ಮಣಿಕಟ್ಟು ಉರಿಯತೊಡಗಿತ್ತು. ಅಳುತ್ತಾ ಅವರ ಬಳಿ ಹೋದೆ. ಅವರು ಹಿಂದೆ ಸರಿದು, "ಬಿಸಿಯೂಟದ ಅಕ್ಕನ ಹತ್ರ ಹೋಗು. ತೊಳ್ದು ಎಣ್ಣೆ ಹಚ್ತದೆ" ಎಂದರು. ಆ ದಿನದಿಂದ ಕಥೆ ನಿಂತಿತು. ಮುಂದಿನ ಜೂನಿನಲ್ಲಿ ಅವರಿಗೆ ಕದ್ರಾ ಕಡೆ ವರ್ಗವಾಯಿತು.

ಈಗ ನಾನು ಕಾರವಾರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಹೋದ ಬೇಸಗೆಯಲ್ಲಿ ಒಬ್ಬಳು ಮಣಿಕಟ್ಟಿನವರೆಗೆ ತೋಳಿರುವ ರವಿಕೆ ಕೇಳಿಕೊಂಡು ಬಂದಳು. ಈ ಸೆಕೆಯಲ್ಲಾ ಎಂದೆ. "ನಮ್ಮತ್ತೆಗೆ. ಹಾಸ್ಗೆ ಹಿಡ್ದು ಮಲ್ಗಿದ್ರೂ ಉದ್ದ ತೋಳೇ ಆಗ್ಬೇಕು" ಎಂದಳು. ಹಟ್ಟಿಕೇರಿ ಶಾಲೆಯಲ್ಲಿ ಇದ್ದವರೇ ಎಂದು ಕೇಳಿದೆ. ಹೌದಂತೆ.

ಅದೇ ಭಾನುವಾರ ಕೋಡಿಬಾಗದಲ್ಲಿದ್ದ ಅವರ ಮನೆಗೆ ಹೋದೆ. ಅಕ್ಕೋರು ಕಡ್ಡಿಯಾಗಿದ್ದರು. ಎದೆಯವರೆಗೆ ಹೊದಿಕೆ, ಕೈಗಳು ಅದರೊಳಗೆ. ಅಂದು ನಾವು ಅಣಕಿಸಿದ್ದಲ್ಲ ಎಂದು ಹೇಳಲು ಹೋಗಿ ನಾನು ಅತ್ತುಬಿಟ್ಟೆ.

"ನಂಗೆ ಅವತ್ತೇ ಗೊತ್ತಿತ್ತೇ ತಂಗಿ" ಎಂದರು. "ನಿಮ್ಮ ಮೋರೆ ನೋಡ್ದ್ರೇ ತಿಳೀತಿತ್ತು. ಗೊತ್ತಿದ್ರೂ ಕೈ ಮುಚ್ಕಂಡೆ. ಮಕ್ಕಳಿಗೆ ಒಂದು ಹೇಳೂದು, ನಾ ಮಾಡೂದು ಇನ್ನೊಂದು. ಮತ್ತೆ ಯಾವ ಬಾಯಲ್ಲಿ ಓದ್ಲಿ?"

ಬೊಟ್ಟ ಏನಾದ ಎಂದು ಕೇಳಿದೆ.

"ಗದ್ದೆಯಲ್ಲೇ ಕೂತಾನೆ. ಮನೆಗೆ ಕರ್ಕಂಡು ಬರೂಕೆ ನನ್ಹತ್ರ ಆಗ್ಲಿಲ್ಲ. ನೀನು ಕರ್ಕಂಡು ಬಾ" ಎಂದವರು ಸೊಸೆಗೆ ಹೇಳಿ ಪಟ್ಟಿ ಕೊಡಿಸಿದರು. ತಮ್ಮ ಕೈಯಿಂದ ಕೊಡಲಿಲ್ಲ.

ಮಳೆ ಶುರುವಾದ ವಾರ ಅಕ್ಕೋರು ತೀರಿಕೊಂಡರು. ನಾನು ಹೋದಾಗ ಹೆಣವನ್ನು ಜಗಲಿಯಲ್ಲಿ ಮಲಗಿಸಿದ್ದರು. ಅದೇ ಹೊಸ ರವಿಕೆ, ಅದರ ಮೇಲೆ ಗಲ್ಲದವರೆಗೆ ಬಿಳಿ ಬಟ್ಟೆ. "ಕೈ ಹೊರಗೆ ಇಡ್ಲಾ, ಬ್ಯಾಡ್ವಾ?" ಎಂದು ಅವರ ಸೊಸೆ ನನ್ನನ್ನೇ ಕೇಳಿದಳು. ಸುತ್ತ ಊರವರು ನಿಂತಿದ್ದರು. ಇಡು ಎನ್ನಬೇಕಿತ್ತು. "ಇರ್ಲಿ, ಒಳಗೇ ಇರ್ಲಿ" ಎಂದುಬಿಟ್ಟೆ.

ಕೊನೆಯ ಅಧ್ಯಾಯವನ್ನು ಮೂರು ಸಲ ಬರೆದು ಹರಿದಿದ್ದೇನೆ. ಬೊಟ್ಟ ಅಂಗಳದವರೆಗೆ ಬರುತ್ತಾನೆ, ನನಗೆ ಆ ಬಿಳಿ ಬಟ್ಟೆ ನೆನಪಾಗುತ್ತದೆ. ಸುಣ್ಣ ಸುಟ್ಟ ಕಲೆ ನನ್ನ ಮಣಿಕಟ್ಟಿನಲ್ಲಿ ಈಗಲೂ ಇದೆ. ಅಂಗಡಿಗೆ ಹೋಗುವಾಗ ಅದರ ಮೇಲೇ ವಾಚು ಕಟ್ಟಿಕೊಳ್ಳುತ್ತೇನೆ.