ಕೈಯಲ್ಲಿ ಹಿಡಿದ ಚಪ್ಪಲಿ

ಸಕ್ಕರೆ ಕಾಯಿಲೆಯಿಂದ ಅವ್ವನ ಪಾದಗಳಿಗೆ ಸ್ಪರ್ಶವೇ ತಿಳಿಯದಂತಾಗಿತ್ತು. ಬಲಗಾಲಿನ ಹೆಬ್ಬೆರಳಿಗೆ ಎದ್ದ ಹುಣ್ಣು ಮಾಯಲು ಇಡೀ ಬೇಸಿಗೆ ಹಿಡಿಯಿತು. ಇನ್ನೊಮ್ಮೆ ಅಲ್ಲಿ ಕೀವು ತುಂಬಿದರೆ ಬೆರಳು ಉಳಿಯುವುದು ಕಷ್ಟ ಎಂದು ಆಳಂದದ ಡಾಕ್ಟರು ಹೇಳಿದ್ದರು.

ಅವರ ಸಲಹೆಯಂತೆ ಕಲಬುರಗಿಯಿಂದ ಮೆತ್ತನೆಯ ಚಪ್ಪಲಿ ತಂದೆ. ಪಾದ ಊರುವ ಕಡೆ ಕ್ರಿಮಿಗಳು ಬೆಳೆಯದಂತೆ ತಡೆಯುವ ಪಾಲಿಮರ್ ಲೇಪನವಿತ್ತು. ನಾನು ಸುದ್ದಿ ಬರೆಯುವ ಕೆಲಸದವನು. ಅಂಗಡಿಯವನ ಮಾತು ಸಾಲದೆ ಡಾಕ್ಟರನ್ನೂ ಕೇಳಿದೆ.

"ಬೆವರಿಗೆ ಚಪ್ಪಲ್ಯಾಗ ಹುಳ ಬೆಳಿಯೂದು ಕಡಿಮಿ ಆಗ್ತದ, ವಾಸನಿ ಬರಂಗಿಲ್ಲ. ಗಾಯ ಆದ್ರ ಅದೇನೂ ಮಾಡಂಗಿಲ್ಲ. ಕಾಲು ದಿನಾ ನೋಡ್ರಿ," ಎಂದರು.

ಇದನ್ನೇ ಅವ್ವನಿಗೆ ಬಿಡಿಸಿ ಹೇಳಿದೆ. ಆದರೂ ಅವಳು ಅದಕ್ಕೆ 'ಔಷಧ ಚಪ್ಪಲಿ' ಎಂದೇ ಹೆಸರಿಟ್ಟಳು. ಕಾಲು ನೋಡಲು ಹೋದರೆ ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದಳು. "ಮಗನ ಕೈಲಿ ಕಾಲು ಮುಟ್ಟಿಸ್ಕೊಳ್ಳಾಕ ನಾನೇನು ಮಠದ ಅಪ್ಪೋರೇನಲೇ?"

ನಮ್ಮೂರು ಮಟಕಿಯಲ್ಲಿ ಹೊಲದ ದಾರಿ ಕರಿಮಣ್ಣಿನದು. ಮಳೆ ಬಿದ್ದ ಮರುದಿನ ಅವಳ ಹಿಂದೆಯೇ ಹೋದೆ. ಅವ್ವ ಬರಿಗಾಲಲ್ಲಿ ಕೆಸರು ತುಳಿಯುತ್ತ ನಡೆದಿದ್ದಳು. ಚಪ್ಪಲಿಗಳು ಒಂದು ಚುಕ್ಕೆ ಮಣ್ಣೂ ತಾಗದೆ ಅವಳ ಕೈಯಲ್ಲಿದ್ದವು.

"ಯವ್ವಾ, ಕಾಲಾಗ ಹಾಕ್ಕೋ!"

"ಇಷ್ಟು ರಾಡ್ಯಾಗ? ಔಷಧ ಎಲ್ಲ ಸವದು ಹೋಗ್ತದ. ರಸ್ತಾ ಬರ್ಲಿ, ಹಾಕ್ಕೋತೇನಿ."

ಮನೆಗೆ ಬಂದು ಅಂಗಳದಲ್ಲಿ ಕಾಲಿಗೆ ನೀರು ಹಾಕಿದಾಗ ಕೆಸರಿನ ಜೊತೆ ರಕ್ತವೂ ಹರಿಯಿತು. ಹೆಬ್ಬೆರಳ ಬುಡದಲ್ಲಿ ಜಾಲಿ ಮುಳ್ಳು ಮುರಿದು ಕೂತಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

"ಬೆರಳ ಹೋಯ್ತೇನೋ ತಮ್ಮಾ?" ಎಂದು ಅವ್ವ ನನ್ನನ್ನು ಕೇಳಿದಳು.

ಕೂಡಲೇ ಆಳಂದಕ್ಕೆ ಹೋದೆವು. ಡಾಕ್ಟರು ಮುಳ್ಳು ತೆಗೆದು, ತೊಳೆದು, ಪಟ್ಟಿ ಕಟ್ಟಿದರು. "ಲಗೂನೆ ಬಂದೀರಿ, ಛಲೋ ಆಯ್ತು. ಚಪ್ಪಲಿ ಯಾಕ ಹಾಕಿದ್ದಿಲ್ರಿ ಅಮ್ಮಾ?"

"ಸವೀತದಂತ ಕೈಯಾಗ ಹಿಡ್ದಿದ್ದೆ ರೀ."

"ಹಂಗಾದ್ರ ನಿಮ್ಮ ಕೈಗೆ ಏನೂ ಆಗಂಗಿಲ್ಲ ಬಿಡ್ರಿ."

ಅವ್ವ ನಕ್ಕಳು. ಕಣ್ಣಲ್ಲಿ ನೀರೂ ಇತ್ತು.

ಗಾಯ ಮಾಯಿತು, ಬೆರಳು ಉಳಿಯಿತು. ಮತ್ತೆ ಹೊಲಕ್ಕೆ ಹೊರಟ ದಿನ, ಕೆಸರಿನ ಅಂಚಿಗೆ ಬಂದವಳು ರೂಢಿಯಂತೆ ಚಪ್ಪಲಿ ಬಿಚ್ಚಲು ಬಾಗಿದಳು. ಒಂದು ಗಳಿಗೆ ಹಾಗೇ ಇದ್ದು, ನೆಟ್ಟಗಾಗಿ, ಹಾಕಿಕೊಂಡೇ ಇಳಿದಳು. ವಾಪಸು ಬರುವಾಗ ಅವು ಗುರುತು ಸಿಗದಷ್ಟು ಮಣ್ಣು ಮೆತ್ತಿಕೊಂಡಿದ್ದವು. ಪಕ್ಕದ ಮನೆಯಾಕೆ ಕಿಚಾಯಿಸದೆ ಬಿಡಲಿಲ್ಲ.

"ಏನಬೇ, ಔಷಧ ಚಪ್ಪಲಿಗೆ ರಾಡಿ ಊಟ ಹಾಕೀಯಲ್ಲ!"

"ತಿನ್ಲಿ ಬಿಡು. ನನ್ನ ಬೆರಳ ತಿನ್ನೂಕಿಂತ ಛಲೋ."

ಕಟ್ಟೆಯ ಮೇಲೆ ಕೂತು ಮೊದಲು ಕಾಲು ತೊಳೆದುಕೊಂಡಳು, ಆಮೇಲೆ ಚಪ್ಪಲಿ. ಸೀರೆಯನ್ನು ಕಣಕಾಲಿನ ಮೇಲೆ ಸರಿಸಿ, ನಾನು ಕೇಳುವ ಮೊದಲೇ ಬಲಗಾಲನ್ನು ನನ್ನ ಕಡೆ ಚಾಚಿದಳು.

"ನೋಡಲೇ. ಬೆರಳ ಸಂದ್ಯಾಗೂ ನೋಡು."