ಹೊಗೆಕೊಳವೆಯ ಉಡುಪು

ನಾನು ಹೊಗೆಕೊಳವೆಗೆ ಕೈಯಾರೆ ಸುತ್ತಿದ್ದ ಪಟ್ಟಿಯನ್ನು, ನಾನು ಊರಲ್ಲಿಲ್ಲದ ಹೊತ್ತು ನೋಡಿ, ನನ್ನ ಒಡಹುಟ್ಟಿದ ತಮ್ಮನೇ ಬಿಚ್ಚಿಹಾಕಿದ. ಅನ್ಯಾಯವೆಂದರೆ ಇಷ್ಟೇ. ಇದನ್ನು ಕೇಳಿದವರು "ಅಷ್ಟೇನಾ?" ಎಂದು ಹುಬ್ಬೇರಿಸುತ್ತಾರೆ, ಹಾಗೆ ಹುಬ್ಬೇರಿಸಿದವರ ಹೆಸರುಗಳೆಲ್ಲ ನನಗೆ ನೆನಪಿವೆ. ಓದುಗ ಮಿತ್ರರೇ, ನೀವಾದರೂ ಸಾವಧಾನದಿಂದ ಕೇಳಬೇಕು.

ತೊಗರ್ಸಿಯ ಸಮೀಪ ನಮ್ಮಿಬ್ಬರದೂ ಸೇರಿ ಒಂದು ಕುರಿಮಂದೆಯಿದೆ. ತಮ್ಮ ಹಾಲಪ್ಪನೂ ಅವನ ಹೆಂಡತಿ ಗಂಗವ್ವನೂ ಕುರಿ ಕಾಯುತ್ತಾರೆ. ಭೂಮಾಪಕನಾಗಿ ದುಡಿದು ನಿವೃತ್ತನಾದ ನಾನು, ಹಾಲಪ್ಪನ ಮಾತಿನಲ್ಲಿ ಹೇಳುವುದಾದರೆ, ಕುರಿಗಳಿಗೆ ಬುದ್ಧಿ ಹೇಳುತ್ತೇನೆ. ಮಳೆಗಾಲದ ಥಂಡಿಗೆ ಎಳೆಮರಿಗಳು ಸೆಟೆದು ಸಾಯುವುದನ್ನು ವರ್ಷವರ್ಷವೂ ಕಂಡು ಬೇಸತ್ತು, ಈ ಸಲ ಮರಿಗಳ ಕೋಣೆಗೊಂದು ಡೀಸೆಲ್ ಹೀಟರ್ ತರಿಸಿದೆ. ಟ್ರಂಕಿನಷ್ಟು ಗಾತ್ರದ ಆ ಪೆಟ್ಟಿಗೆ ತನ್ನ ಹೊಟ್ಟೆಯಲ್ಲಿ ಡೀಸೆಲ್ ಉರಿಸಿಕೊಂಡು, ಬಿಸಿಗಾಳಿಯನ್ನು ಕೋಣೆಗೂ ವಿಷದ ಹೊಗೆಯನ್ನು ಕೊಳವೆಯ ಮೂಲಕ ಬಯಲಿಗೂ ಕಳಿಸುತ್ತದೆ. ಇವೆರಡನ್ನೂ ಎಂದಿಗೂ ಬೆರೆಯಗೊಡದಿರುವುದರಲ್ಲೇ ಅದರ ಸಮಸ್ತ ಸದ್ಗುಣ ಅಡಗಿದೆ. ಆದರೆ ಹಿಂಗೋಡೆಯಾಚೆ ಮೇವಿನ ಬಣವೆಯಿದ್ದುದರಿಂದ ಕೊಳವೆಯನ್ನು ನೇರ ಹೊರಹಾಕುವಂತಿರಲಿಲ್ಲ. ಅದು ಒಳಗೋಡೆಯ ಉದ್ದಕ್ಕೂ, ಮರಿಗಳ ಮೂಗಿನ ಎತ್ತರದಲ್ಲಿ ಹಾಯ್ದು, ಪಕ್ಕದ ಗೋಡೆಯಿಂದ ಹೊರಬೀಳಬೇಕಾಯಿತು. ಕೆಂಡದಂತೆ ಕಾಯುವ ಕಬ್ಬಿಣಕ್ಕೆ ಎಳೆಮರಿ ಮೂಗು ತಾಗಿಸಿದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಅದಕ್ಕೊಂದು ಉಡುಪು ಬೇಕಿತ್ತು.

ಶಿಕಾರಿಪುರದ ಅಂಗಡಿಯೊಂದರಲ್ಲಿ ತಣ್ಣನೆಯ ಕೊಳವೆಗಳಿಗೆ ತೊಡಿಸುವ ಕಪ್ಪು ಸ್ಪಂಜನ್ನು ಕೊಡಬಂದರು. ಅದು ಕಾವಿಗೆ ಕರಗುತ್ತದೆಂದೆ. ಇನ್ನೊಂದರಲ್ಲಿ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಹಗ್ಗ ತೋರಿಸಿದರು. ಅದರ ದೂಳು ಎದೆಗಿಳಿದರೆ ಅಲ್ಲೇ ಬಿಡಾರ ಹೂಡುತ್ತದೆಂದೆ. "ನೀವೇ ಒಂದು ಅಂಗಡಿ ಇಡ್ರೀ" ಎಂದರು. ಆ ಸಲಹೆಯನ್ನೂ ನಾನು ಮರೆತಿಲ್ಲ. ಕೊನೆಗೆ ಸೊರಬದಲ್ಲಿ ಲಾರಿ ಸೈಲೆನ್ಸರ್ ರಿಪೇರಿ ಮಾಡುವ ರಿಯಾಜ್ ಸಾಬರ ಬಳಿ ಗಾಜಿನ ನಾರಿನಿಂದ ನೇಯ್ದ ಪಟ್ಟಿ ಸಿಕ್ಕಿತು. ನೇಯ್ಗೆ ಎಲ್ಲಾದರೂ ಸಡಿಲವಿದೆಯೇ ಎಂದು ಅದನ್ನು ಬೆಳಕಿಗೆ ಹಿಡಿದು ನಾನು ಆದ್ಯಂತ ಪರಿಶೀಲಿಸುತ್ತಿರಲು, ಅವರು ಸ್ಪ್ಯಾನರ್ ಕೆಳಗಿಟ್ಟರು.

"ಎಂತ ಮಾರಾಯ್ರೇ, ಬಾಣಂತಿ ಹೊಟ್ಟೆಗೂ ಯಾರೂ ಇಷ್ಟು ನೋಡಿ ಬಟ್ಟೆ ಸುತ್ತಲ್ಲ!"

"ಬಾಣಂತಿ ಮೈ ಇಷ್ಟು ಸುಡೋದಿಲ್ಲ" ಎಂದೆ.

"ನಮ್ಮನೇಲಿ ಕೇಳಿ ನೋಡಿ" ಎಂದು ಅವರು ಒಳಬಾಗಿಲಿನ ಕಡೆ ಕಣ್ಣು ಹೊರಳಿಸಿ ನಕ್ಕರು.

ಪಟ್ಟಿ ಸುತ್ತುವುದಕ್ಕೊಂದು ವಿಧಿಯಿದೆ. ನಾರು ಚುಚ್ಚದಂತೆ ಕೈಗವಸು ಹಾಕಿಕೊಂಡು, ಪಟ್ಟಿಯನ್ನು ನೀರಲ್ಲಿ ನೆನೆಸಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಬಿಗಿಯಾಗಿ ಎಳೆಯುತ್ತ ಹೋಗಿ, ತುದಿಗಳನ್ನು ಉಕ್ಕಿನ ಪಟ್ಟಿಯಿಂದ ಕಟ್ಟಬೇಕು. ಗೋಡೆಯಾಚೆ, ಕೊಳವೆಯ ತಗ್ಗಿನಲ್ಲಿ ನೀರು ತೊಟ್ಟಿಕ್ಕಲು ಬಿಟ್ಟ ಸಣ್ಣ ತೂತನ್ನು ಮುಚ್ಚಕೂಡದು. ಪೆಟ್ಟಿಗೆಗೆ ಕೊಳವೆ ಕೂಡುವ ಸಂದನ್ನು ಬೇರೆಯಾಗಿ ಬಿಗಿಯಬೇಕು. ಪಟ್ಟಿ ಕಾವನ್ನು ತಡೆದೀತೇ ಹೊರತು ಹೊಗೆಯನ್ನಲ್ಲ. ಮೊದಲ ಸಲ ಕಾದಾಗ ಪಟ್ಟಿಯೇ ಕೊಂಚ ಹೊಗೆಯಾಡುವುದರಿಂದ ಅಂದು ಮರಿಗಳನ್ನು ಹೊರಗಿಟ್ಟು ಬಾಗಿಲು ತೆರೆದಿಟ್ಟೆ. ಮರುದಿನ ಒಂದು ಮರಿ ಆ ಪಟ್ಟಿಗೆ ಬೆನ್ನು ಒರಗಿಸಿ ನಿದ್ದೆಹೋಗಿದ್ದನ್ನು ಕಂಡಾಗ ನನಗಾದ ಸಮಾಧಾನವನ್ನು ಯಾರೂ ಗಮನಿಸಲಿಲ್ಲ. ಜಗತ್ತಿನಲ್ಲಿ ಕೆಲವು ವಸ್ತುಗಳ ಹಣೆಬರಹವೇ ಹೀಗೆ: ಅವು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿರುವಷ್ಟು ಕಾಲ ಏನೂ ನಡೆಯುವುದಿಲ್ಲ, ಮತ್ತು ಏನೂ ನಡೆಯದುದಕ್ಕೆ ಕೃತಜ್ಞತೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮನೆಯ ಹಿರಿಯರನ್ನೂ ಈ ವರ್ಗಕ್ಕೆ ಸೇರಿಸಬಹುದು; ನಾನು ಒತ್ತಾಯಿಸುವುದಿಲ್ಲ.

ಆಮೇಲೆ ಚಂದ್ರಗುತ್ತಿಯ ಕಡೆಯ ಒಂದು ಮದುವೆಗೆ ಹೋದೆ. ಹಾಲಪ್ಪ ಬರಲಿಲ್ಲ. ಹಿಂದೊಮ್ಮೆ ಊಟದೆಲೆಗಳ ನಡುವಿನ ಅಂತರವನ್ನು ನಾನು ಟೇಪು ಹಿಡಿದು ಅಳೆದೆನೆಂದು ಬೀಗರೆದುರು ಹೇಳಿ ನಗಿಸಿದ್ದವನು ಬಾರದಿದ್ದುದು ನನಗೆ ಹಿತವೇ ಆಗಿತ್ತು. (ನಾನು ಅಳೆದದ್ದು ಕಣ್ಣಳತೆಯಲ್ಲಿ.)

ಮರಳಿ ಬಂದು ಮರಿಗಳ ಕೋಣೆಯ ಬಾಗಿಲು ತೆರೆದೆ. ಪಟ್ಟಿ ಮೂಲೆಯಲ್ಲಿ ಸುರುಳಿಯಾಗಿ ಬಿದ್ದಿತ್ತು. ಬೆತ್ತಲೆ ಕೊಳವೆಯ ಮೇಲೆ, ನೀರು ಕುಡಿದು ಎಮ್ಮೆಯಷ್ಟು ಭಾರವಾದ ಎರಡು ಕರಿಕಂಬಳಿಗಳು ಹಬೆಯಾಡುತ್ತಿದ್ದವು. ಆ ಭಾರಕ್ಕೆ ಕೊಳವೆ ಜಗ್ಗಿ ಪೆಟ್ಟಿಗೆಯ ಬಳಿಯ ಸಂದು ಬಾಯಿ ಬಿಟ್ಟಿತ್ತು. ಮರಿಗಳು ಮಲಗಿದ್ದವು, ನನ್ನ ಸದ್ದಿಗೆ ಒಂದೂ ತಲೆಯೆತ್ತಲಿಲ್ಲ. ಹೀಟರ್ ಆರಿಸಿ, ತಮ್ಮನನ್ನೂ ಗಂಗವ್ವನನ್ನೂ ಕೂಗಿದೆ; ಮೂವರೂ ಮರಿಗಳನ್ನು ಬಾಚಿ ಬಾಚಿ ಹೊರಗೆ ತಂದೆವು. ಗಂಗವ್ವ ಮಳೆಯಲ್ಲೇ ಕುಕ್ಕರಿಸಿ ಒಂದೊಂದರ ಎದೆಯನ್ನೂ ತಿಕ್ಕಿದಳು. ಒಂದೊಂದಾಗಿ ಸೀನಿದವು, ಎದ್ದವು. ಬೆನ್ನೊರಗಿಸಿ ಮಲಗುತ್ತಿದ್ದ ಮರಿ ಏಳಲಿಲ್ಲ.

"ಅಷ್ಟು ಕಾವು ಪಟ್ಟಿ ಒಳಗೆ ಸುಮ್ನೆ ಕೊಳೀತಿತ್ತಲ್ಲಣ್ಣ" ಎಂದ ಹಾಲಪ್ಪ. "ಹೊರಗೆ ನೋಡಿದ್ರೆ ಕಂಬಳಿ ಒಣಗ್ಸಾಕೆ ಬಿಸಿಲಿಲ್ಲ."

"ಹಸಿ ಕಂಬಳಿ ಹೊದ್ದು ಕುರಿ ಹಿಂದೆ ಹೋದ್ರೆ ಎದೆ ಹಿಡೀತೈತ್ರಿ ಭಾವ" ಎಂದಳು ಗಂಗವ್ವ, ಸತ್ತ ಮರಿಯನ್ನು ಮಡಿಲಿನಿಂದ ಇಳಿಸದೆ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಇದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಕುರಿ ಕಾಯುವವರ ಮನೆಯಲ್ಲಿ ಬೆಚ್ಚಗಿರುವುದೆಲ್ಲವೂ ಕಂಬಳಿಯದೇ ಆಸ್ತಿ: ಒಲೆಯ ಮಗ್ಗುಲು, ಬಚ್ಚಲ ಹಂಡೆಯ ಬೆನ್ನು, ಬಿಸಿಲು ಬಿದ್ದ ಬಂಡೆ. ಅಂಥ ಕಣ್ಣಿಗೆ ಮುಚ್ಚಿಟ್ಟ ಕಾವು ಜಿಪುಣತನವಾಗಿ ಕಂಡೀತು. ಇದನ್ನು ನಾನು ಬಲ್ಲೆ. ಬಲ್ಲೆನೆಂದ ಮಾತ್ರಕ್ಕೆ ಕ್ಷಮಿಸಿದೆನೆಂದು ಯಾರೂ ತಿಳಿಯಬಾರದು.

ಏಕೆಂದರೆ ಮರುದಿನ ಹಾಲಪ್ಪ ಊರ ಕಟ್ಟೆಯ ಮೇಲೆ ಕುಳಿತು "ಅಣ್ಣನ ಮಿಷನ್ನು ಮರಿ ತಿಂತು" ಎಂದ. ಕಬ್ಬಿಣಕ್ಕೆ ಬಟ್ಟೆ ಸುತ್ತಿದ ನಾನು ಹುಚ್ಚನೆಂದೂ, ಅದೇ ಕಬ್ಬಿಣಕ್ಕೆ ಕಂಬಳಿ ಹೊದಿಸಿದ ಅವನು ಸಂಸಾರಸ್ಥನೆಂದೂ ಕಟ್ಟೆಯಲ್ಲಿ ತೀರ್ಮಾನವಾಯಿತು. ನಾನು ಸಂದನ್ನು ಹೊಸದಾಗಿ ಬಿಗಿದು, ಹೊಸ ಪಟ್ಟಿ ತಂದಿಟ್ಟಿದ್ದೇನೆ; ಹಾಲಪ್ಪ ಅದನ್ನು ಸುತ್ತಲೂ ಬಿಡುತ್ತಿಲ್ಲ, ಹೀಟರ್ ಹಚ್ಚಲೂ ಬಿಡುತ್ತಿಲ್ಲ. ಮಳೆ ಹಿಡಿದೇ ಇದೆ. ಈಯಬೇಕಾದ ಕುರಿಗಳು ಇನ್ನೂ ಇವೆ. ಉಳಿದ ಮರಿಗಳು ಆ ತಣ್ಣನೆಯ ಕೋಣೆಯಲ್ಲಿ ಒಂದರ ಹೊಟ್ಟೆಯ ಕೆಳಗೊಂದು ತೂರಿಕೊಂಡು ನಡುಗುತ್ತಿವೆ.

ಆದ್ದರಿಂದ ಹಾಲಪ್ಪ, ಗಂಗವ್ವ, ಮತ್ತು ಕಟ್ಟೆಯ ಮೇಲೆ ಕುಳಿತು ತಲೆದೂಗಿದ ಮಹನೀಯರೇ, ಮರಿಯನ್ನು ಮಣ್ಣುಮಾಡಿದ ದಿನ ಕೇಳಬೇಕೆಂದುಕೊಂಡು ಕೇಳದೇ ಉಳಿದ ಒಂದು ಪ್ರಶ್ನೆ ನನ್ನಲ್ಲಿದೆ: ಆ ಕಂಬಳಿಗಳು ಕಡೆಗೂ ಒಣಗಿದವೇ?